ಸದ್ದು ಮಾಡುವ ಬಾಗಿಲು

ಕಟ್ಟಡದ ಸಾಮಾನುಗಳು ಹೇಗಿರಬೇಕೆಂದು ಬರೆಯುವುದು ನನ್ನ ಕೆಲಸ. ಇಟ್ಟಿಗೆಗೆ ಇಟ್ಟಿಗೆ ತಟ್ಟಿದರೆ ಖಣ್ ಎನ್ನಬೇಕು, ಉಗುರಿನಿಂದ ಗೀರಿದರೆ ಗುರುತು ಬೀಳಬಾರದು, ಸೊಂಟದೆತ್ತರದಿಂದ ಬಿಟ್ಟರೆ ಒಡೆಯಬಾರದು. ಯಾರ ಸೊಂಟ ಎಂದು ಬರೆಯಲು ಮರೆತದ್ದಕ್ಕೆ ಒಮ್ಮೆ ಗುತ್ತಿಗೆದಾರ ತನ್ನ ಕಡೆಯ ಅತಿ ಕುಳ್ಳ ಗುಮಾಸ್ತನನ್ನು ಕರೆತಂದು ನಿಲ್ಲಿಸಿದ್ದ. ಅಂದಿನಿಂದ ನಾನು ಯಾವುದನ್ನೂ ಸಡಿಲ ಬಿಡುವುದಿಲ್ಲ.

ನಮ್ಮ ಮುಂಬಾಗಿಲು ಬುಡದಲ್ಲಿ ಕೊಳೆತು ಉದುರತೊಡಗಿದಾಗ ಹೊಸ ಬಾಗಿಲಿಗೂ ಹಾಗೆಯೇ ಬರೆದು ಬಡಗಿ ಮೇಸ್ತ್ರಿಯ ಕೈಗಿಟ್ಟೆ. ‘ತೆರೆಯುವಾಗ ಮುಚ್ಚುವಾಗ ಯಾವ ಬಗೆಯ ಸದ್ದೂ ಬರತಕ್ಕದ್ದಲ್ಲ’ ಎಂಬುದೂ ಅದರಲ್ಲಿತ್ತು. ಆಫೀಸಿನಲ್ಲಿ ಎಲ್ಲ ಬಾಗಿಲಿಗೂ ಬರೆಯುವ ಮಾತು. ಕೈ ತಾನಾಗಿ ಬರೆದಿತ್ತು.

ಮೇಸ್ತ್ರಿ ಓದಿ, "ಮೇಡಂ, ಇದು ಮನೆಗಾ, ಬ್ಯಾಂಕಿಗಾ?" ಎಂದ. ಆದರೆ ಬರೆದಂತೆಯೇ ಮಾಡಿಕೊಟ್ಟ.

ಮರುದಿನ ಸಂಜೆ ನಾನು ಕೆಲಸದಿಂದ ಬಂದಾಗ ಅತ್ತೆ ಒಳಕೋಣೆಯಲ್ಲಿದ್ದರು. ತಲೆ ಸಿಡಿಯುತ್ತಿತ್ತು, ಅವರನ್ನು ಮಾತಾಡಿಸದೆ ನನ್ನ ಕೋಣೆಗೆ ಹೋಗಿ ಮಲಗಿಬಿಟ್ಟೆ. ಎದ್ದಾಗ ಮನೆ ಮುಂದೆ ಜನ. ಅತ್ತೆ ನನ್ನನ್ನು ಹುಡುಕಿಕೊಂಡು ಬಸ್ ನಿಲ್ದಾಣದವರೆಗೆ ಹೋಗಿ, ಕಾಣದೆ, ಎದುರುಮನೆಯವರನ್ನು ಆಫೀಸಿಗೆ ಅಟ್ಟಿದ್ದರು. ನಾನು ಆಕಳಿಸುತ್ತ ಹೊಸಿಲಿಗೆ ಬಂದು, "ಯಾರಿಗೇನಾಯ್ತು?" ಎಂದೆ.

"ನಿನಗೇ ಕಣೇ," ಎಂದರು ಅತ್ತೆ.

ಅವರ ಕಾಲಲ್ಲಿ ನನ್ನ ಚಪ್ಪಲಿಯಿತ್ತು.

"ಅಲ್ಲ ಅತ್ತೆ, ನಾನು ಬಿಟ್ಟ ಚಪ್ಪಲೀನೇ ಹಾಕ್ಕೊಂಡು ನನ್ನ ಹುಡುಕೋಕೆ ಹೋದ್ರಾ?"

"ಚಪ್ಪಲಿ ಯಾರು ನೋಡ್ತಾ ಕೂತಿರ್ತಾರೆ? ನಾನು ಬಾಗಿಲಿಗೆ ಕಿವಿ ಕೊಟ್ಟಿದ್ದೆ."

ಹಳೆಯ ಬಾಗಿಲು ಕಿರ್ ಎನ್ನುತ್ತಿತ್ತು. ನನ್ನ ಗಂಡ ಅದನ್ನು ಕೊಂಚ ಎತ್ತಿ ಹಿಡಿದು ಕಳ್ಳನ ಹಾಗೆ ಒಳಬರಲು ನೋಡುತ್ತಿದ್ದ. ಆದರೂ ಅದು ಸುಮ್ಮನಿರುತ್ತಿರಲಿಲ್ಲ. ಒಳಗಿನಿಂದ "ಬಂದ್ಯಾ?" ಎಂದು ಅತ್ತೆ ಕೇಳುತ್ತಿದ್ದರು. ಅವನು ತೀರಿಕೊಂಡ ಮೇಲೆ ಆ ಪ್ರಶ್ನೆ ನನ್ನ ಪಾಲಿಗೆ ಬಂತು. ಅದಕ್ಕೆ ಉತ್ತರ ಸಿಗುವ ತನಕ ಅವರ ಗಂಟಲಲ್ಲಿ ನೀರೂ ಇಳಿಯುತ್ತಿರಲಿಲ್ಲ.

ಚಪ್ಪಲಿಯ ಆ ಪ್ರಸಂಗವಾದ ಮೇಲೆ ಸಂಜೆಯಾದರೆ ಅತ್ತೆ ಹಜಾರದಲ್ಲಿ ಕುರ್ಚಿ ಹಾಕಿಕೊಂಡು ಬಾಗಿಲನ್ನೇ ಕಾಯತೊಡಗಿದರು. ಬೆನ್ನು ಹಿಡಿದುಕೊಂಡಿತು, ನಿದ್ದೆ ಕೆಟ್ಟಿತು. ರಜೆಯ ದಿನ ನೋಡಿ ಮೇಸ್ತ್ರಿಯನ್ನು ಕರೆಸಿದೆ.

"ಸದ್ದು ಬರೋ ಹಾಗೆ ಮಾಡ್ಕೊಡಿ."

"ಕರೆಗಂಟೆ ಹಾಕ್ಸಿಬಿಡಿ ಮೇಡಂ."

"ಗಂಟೆ ಒತ್ತೋರು ಹೊರಗಿನೋರಪ್ಪಾ," ಎಂದರು ಅತ್ತೆ. "ಮನೆಯೋರು ಬಾಗಿಲು ತಳ್ಕೊಂಡು ಬರ್ತಾರೆ."

"ಅಮ್ಮಾ, ಕಿರುಗುಟ್ಟೋ ಬಾಗಿಲು ಮಾಡ್ದೆ ಅಂತ ಗೊತ್ತಾದ್ರೆ ನಾಳೆ ನನಗ್ಯಾರು ಕೆಲಸ ಕೊಡ್ತಾರೆ?"

ನಾನು ಹಾಳೆ ತೆಗೆದು ಬರೆದೆ. ಸದ್ದು ಒಳಕೋಣೆಯ ಮಂಚದಲ್ಲಿ, ಫ್ಯಾನ್ ತಿರುಗುವಾಗ, ಬಲಮಗ್ಗುಲಾಗಿ ಮಲಗಿದವರಿಗೆ ಕೇಳತಕ್ಕದ್ದು. ಪಕ್ಕದ ಮನೆಯ ಮಗು ಎಚ್ಚರಗೊಳ್ಳತಕ್ಕದ್ದಲ್ಲ. ಬೆಕ್ಕಿನ ದನಿಯನ್ನು ಹೋಲತಕ್ಕದ್ದಲ್ಲ. ಬಾಗಿಲನ್ನು ಎತ್ತಿ ಹಿಡಿದು ತಳ್ಳಿದರೂ ಬರತಕ್ಕದ್ದು.

"ಎತ್ತಿ ಹಿಡಿದು ಯಾರು ತಳ್ತಾರೆ ಮೇಡಂ?"

"ಯಾರೂ ಇಲ್ಲ. ಇರಲಿ."

ಪರೀಕ್ಷೆಗೆಂದು ಅತ್ತೆ ಹೋಗಿ ಬಲಮಗ್ಗುಲಾಗಿ ಮಲಗಿದರು. ಮೇಸ್ತ್ರಿ ಕೀಲುಗಳ ಎಣ್ಣೆ ಒರೆಸಿದ. ಬಾಗಿಲು ತುಟಿ ಬಿಚ್ಚಲಿಲ್ಲ. ಸ್ಕ್ರೂ ಬಿಗಿ ಮಾಡಿದ, ಕುಂಯ್ ಎಂದಿತು.

"ಬೆಕ್ಕು," ಎಂದರು ಅತ್ತೆ ಒಳಗಿನಿಂದ.

ಕೀಲಿಗೆ ಚಿಟಿಕೆ ಮರಳು ಉದುರಿಸಿದ.

"ಇದ್ಯಾರೋ ಹಲ್ಲು ಕಡೀತಿದಾರೆ."

ಮೇಸ್ತ್ರಿ ಬೆವರು ಒರೆಸಿಕೊಂಡು ಹಿತ್ತಲಿಗೆ ಹೋದ. ಗೋಡೆಗೆ ಒರಗಿಸಿದ್ದ ಹಳೇ ಬಾಗಿಲಿನಿಂದ ಒಂದು ಕೀಲು ಬಿಚ್ಚಿ ತಂದ. ಹೊಸ ಬಾಗಿಲಿನ ನಡುವಿನ ಕೀಲು ತೆಗೆದು ಆ ತುಕ್ಕು ಹಿಡಿದದ್ದನ್ನು ಕೂರಿಸಿದ. ಹೊಸ ಬಟ್ಟೆಗೆ ಹರಕು ತೇಪೆ ಹಾಕಬೇಕಾಗಿ ಬಂದ ದರ್ಜಿಯ ಮುಖ ಅವನದು.

ನಾನು ಹೊರಗೆ ನಿಂತು ಬಾಗಿಲನ್ನು ಕೊಂಚ ಎತ್ತಿ ಹಿಡಿದು ತಳ್ಳಿದೆ.

ಕಿರ್.

ಮೇಸ್ತ್ರಿ ನನ್ನ ಮುಖ ನೋಡಿದ.

"ಬಂದ್ಯಾ?"

ಬೆಳಗಿನಿಂದ ನಾನು ಮನೆಯಲ್ಲೇ ಇದ್ದೆ.

"ಬಂದೆ, ಅತ್ತೆ."

ಮೇಸ್ತ್ರಿ ಸಾಮಾನು ಚೀಲಕ್ಕೆ ತುಂಬಿಕೊಂಡ. "ಈ ಬಾಗಿಲು ಮಾಡಿದ್ದು ಯಾರು ಅಂತ ಯಾರಾದ್ರೂ ಕೇಳಿದ್ರೆ ನನ್ನ ಹೆಸರು ಮಾತ್ರ ಹೇಳ್ಬೇಡಿ ಮೇಡಂ," ಎಂದ, ಮೆಲ್ಲಗೆ. ಒಳಗೆ ಅತ್ತೆ ಆಗಲೇ ಗೊರಕೆ ಹೊಡೆಯುತ್ತಿದ್ದರು.