ಶವಾಗಾರದಿಂದ ಬಂದ ಕ್ಷೇಮ ಸಮಾಚಾರ

ನಾನು ಆಸ್ಪತ್ರೆಯ ಶವಾಗಾರದ ಎದುರು ನೀರಿನ ಪ್ಯಾಕೆಟ್ ಮಾರುವವಳು. ಸತ್ತವರಿಗೆ ಬಾಯಾರುವುದಿಲ್ಲ, ಕಾಯುವವರಿಗೆ ಬಾಯಾರುತ್ತದೆ. ನನ್ನ ವ್ಯಾಪಾರ ನಡೆಯುವುದೇ ಅದರ ಮೇಲೆ. ಆದರೆ ಕೊನಾಡು ಎಂಬವಳಷ್ಟು ಚಡಪಡಿಸಿದ ಗಿರಾಕಿಯನ್ನು ನಾನು ಕಂಡಿಲ್ಲ.

ಅವಳು ಕುಮಾಸಿ ನಗರದಲ್ಲಿ ಫ್ರಿಜ್ ರಿಪೇರಿ ಮಾಡುವವಳು. ಅವಳ ಅಪ್ಪ ಒಳಗೆ ತಣ್ಣನೆಯ ಕೋಣೆಯಲ್ಲಿ ಮಲಗಿ ತಿಂಗಳ ಮೇಲಾಗಿತ್ತು. ನಮ್ಮಲ್ಲಿ ಅವಸರದಲ್ಲಿ ಮಣ್ಣು ಮಾಡಿದರೆ ಜನ ಆಡಿಕೊಳ್ಳುತ್ತಾರೆ. ನೆಂಟರೆಲ್ಲ ಸೇರಬೇಕು, ಕಪ್ಪು ಬಟ್ಟೆ ಹೊಲಿಸಬೇಕು, ಮಣ್ಣಿಗೆ ಒಂದು ಶನಿವಾರ ಗೊತ್ತುಮಾಡಬೇಕು. ಅಲ್ಲಿಯವರೆಗೆ ಸತ್ತವನ ಮುಖ ಕರೆಂಟಿನ ದಯೆಯಲ್ಲಿ ಉಳಿಯಬೇಕು. ಅಪ್ಪ ಸಾಯುವ ಹೊತ್ತಿಗೆ ಕೊನಾಡು ಬಂದು ಮುಟ್ಟಿರಲಿಲ್ಲ. ಕೊನೆಯ ದಿನವಾದರೂ ಆ ಮುಖವನ್ನು ಕೆಡದಂತೆ ನೋಡಬೇಕೆಂಬುದೊಂದೇ ಅವಳ ಹಟ.

ಅದಕ್ಕೇ ಆಸ್ಪತ್ರೆಯವರನ್ನು ಒಪ್ಪಿಸಿ, ತಂಪಿನ ಯಂತ್ರಕ್ಕೆ ಇಂಟರ್‌ನೆಟ್ ಜೋಡಿಸಿದಳು. ಒಳಗೆ ಬಿಸಿ ಏರಿದರೆ ಯಂತ್ರ ತಾನೇ ಇಮೇಲ್ ಕಳಿಸಬೇಕು. ಯಾರಿಗೆ ಎಂಬಲ್ಲಿ ಜಗಳ ಹುಟ್ಟಿತು. ನಮ್ಮಲ್ಲಿ ಶವ ಮಗಳದಲ್ಲ, ಸತ್ತವನ ತಾಯಿಯ ಕಡೆಯವರದು. ಅಂದರೆ ಅವನ ಅಕ್ಕ ಡುಫಿಯೆಯದು.

“ಸುದ್ದಿ ಮೊದ್ಲು ಹಿರಿಯರಿಗೆ ಬರ್ಬೇಕು. ನನ್ನೊಬ್ಬಳಿಗೇ ಬರ್ಲಿ, ನಾನು ನಿಂಗೆ ಹೇಳ್ತೀನಿ,” ಎಂದಳು ಡುಫಿಯೆ, ನನ್ನ ಬೆಂಚಿನ ಮೇಲೆ ಕೂತು. “ಏನು ಬರ್ದಿದ್ದೀಯ, ಓದು.”

“ಬಿಸಿ ಏರಿದೆ, ಬೇಗ ಬನ್ನಿ.”

“ನಾಯಿ ಬೊಗಳಿದ ಹಾಗಿದೆ. ಮನೆಗೆ ಬಂದವರು ಹೀಗಾ ಬಾಯಿ ಬಿಡೋದು? ಮೊದ್ಲು ಇಲ್ಲೆಲ್ಲ ಶಾಂತ ಅನ್ನಬೇಕು, ಯೋಗಕ್ಷೇಮ ಕೇಳ್ಬೇಕು. ಮನೆಯವರು ನೀರು ಕೊಟ್ಟು, ಏನು ಸಮಾಚಾರ ಅಂತ ವಿಚಾರಿಸಿದ ಮೇಲೆ ಬಂದ ವಿಷಯ.”

“ಅತ್ತೆ, ಅದು ಯಂತ್ರ.”

“ಯಂತ್ರಕ್ಕೆ ಕಲಿಸೋಳು ನೀನು ತಾನೆ? ನಿಂಗೆ ಕಲಿಸಿದ್ದು ನಾವು ತಾನೆ?”

ಕೊನಾಡು ಹಲ್ಲು ಕಚ್ಚಿಕೊಂಡು ಐದಾರು ಸಾಲು ಕುಶಲ ಬರೆದು, ಬಿಸಿಯ ಮಾತನ್ನು ತಳಕ್ಕೆ ಹಾಕಿ, ಅತ್ತೆಯೊಬ್ಬಳ ವಿಳಾಸವನ್ನೇ ಕೊಟ್ಟಳು. ಡುಫಿಯೆಯ ಎದುರು ಯಾರ ಬೇಳೆಯೂ ಬೇಯುವುದಿಲ್ಲ.

ಅಂದಿನಿಂದ ಕೊನಾಡುವಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಇಮೇಲ್ ಬರಲಿಲ್ಲವೆಂದರೆ ಒಳಗೆ ತಂಪಿದೆ ಎಂದೋ, ಇಂಟರ್‌ನೆಟ್ಟೇ ಸತ್ತಿದೆ ಎಂದೋ? ಶವಾಗಾರದ ಗೋಡೆಗೆ ಕಿವಿಯಿಟ್ಟು ಮೋಟರಿನ ಸದ್ದು ಕೇಳುವಳು. ಅತ್ತೆಗೆ ಫೋನ್ ಮಾಡಿ “ಬಂತಾ?” ಎನ್ನುವಳು. ಕೂರುವಳು, ಮತ್ತೆ ಏಳುವಳು. ನೋಡಿ ನೋಡಿ ನನಗೇ ತಲೆ ಸುತ್ತು ಬಂತು.

ಸಂಸ್ಕಾರದ ಹಿಂದಿನ ದಿನ ಅವಳು ಶವಪೆಟ್ಟಿಗೆ ತರಲು ಕುಮಾಸಿಗೆ ಹೋಗಬೇಕಾಯಿತು. ಮಧ್ಯಾಹ್ನ ಬಂದು ವ್ಯಾನಿಂದ ಇಳಿದಾಗ ಡುಫಿಯೆ ನನ್ನ ಬೆಂಚಿನ ಮೇಲಿದ್ದಳು.

“ಬಂತಾ?”

“ಬಂತು. ಬೆಳಿಗ್ಗೆಯಿಂದ ಮೂರು,” ಎಂದಳು ಡುಫಿಯೆ ನಿಶ್ಚಿಂತೆಯಿಂದ. “ಎಲ್ಲ ಶಾಂತವಂತೆ. ನಾವೂ ಚೆನ್ನಾಗಿದ್ದೀವಿ, ಬಂದ ಸಮಾಚಾರ ಏನು ಅಂತ ಮೂರು ಸಲಾನೂ ಬರೆದೆ. ಉತ್ತರಾನೇ ಇಲ್ಲ. ಎಂಥ ಮರ್ಯಾದೆ ಇಲ್ಲದ ಯಂತ್ರ ಇದು ಅಂತ ಕೇಳೋಣ ಅಂತಲೇ ಬಂದೆ.”

ಕಣ್ಣು ಮಂಜಾದ್ದರಿಂದ ಅವಳು ಫೋನಿನ ಅಕ್ಷರ ದಪ್ಪ ಮಾಡಿಸಿಕೊಂಡಿದ್ದಳು. ಪರದೆಯಲ್ಲಿ ಕಾಣುತ್ತಿದ್ದುದು ಕುಶಲದ ಎರಡು ಸಾಲು ಅಷ್ಟೆ. ಕೆಳಗೆ ಸರಿಸಿ ನೋಡುವ ಯೋಚನೆ ಬರಲಿಲ್ಲ. ಕೇಳದೆ ಯಾರಾದರೂ ವಿಷಯ ಹೇಳುತ್ತಾರೆಯೇ?

ಕೊನಾಡು ಓಡಿದಳು. ನಾನೂ ಹಿಂದೆ ಓಡಿದೆ. ಕರೆಂಟು ಹೋಗಿ ಬಂದಾಗ ಸ್ವಿಚ್ಚು ಬಿದ್ದುಹೋಗಿ ಮೋಟರು ಸುಮ್ಮನಾಗಿತ್ತು. ಕಾವಲಿನವನ ಕುರ್ಚಿ ಖಾಲಿ ಇತ್ತು; ಅವನನ್ನು ಬೈಯಲೂ ಅವಳು ನಿಲ್ಲಲಿಲ್ಲ. ಸ್ವಿಚ್ಚು ಎತ್ತಿ, ಮೋಟರು ಗುಂಯ್ ಎಂದ ಮೇಲೆ ಅಪ್ಪನನ್ನು ಮಲಗಿಸಿದ್ದ ಖಾನೆ ಎಳೆದು ಹಣೆಯ ಮೇಲೆ ಅಂಗೈ ಇಟ್ಟಳು. ಬಹಳ ಹೊತ್ತು ಹಾಗೆಯೇ ನಿಂತಿದ್ದಳು.

“ಇನ್ನೂ ತಣ್ಣಗಿದೆ,” ಎಂದಳು.

ಹೊರಗೆ ಬಂದು, ಕುಶಲವನ್ನೆಲ್ಲ ಅಳಿಸಿ, ಒಂದೇ ಸಾಲು ಉಳಿಸಿ, ಪರೀಕ್ಷೆಗೆಂದು ಒಮ್ಮೆ ಕಳಿಸಿದಳು. ಅತ್ತೆಯ ಫೋನು ಟಿಣ್ ಎಂದಿತು.

“ಮತ್ತೆ ನಾಯಿ ಬೊಗಳಿತು,” ಎಂದಳು ಡುಫಿಯೆ.

“ಬೊಗಳ್ಲಿ. ಅಪ್ಪ ಸಾಯೋ ದಿನಾನೂ ನೀನು ಫೋನ್ ಮಾಡಿ ಎಲ್ಲ ಶಾಂತ ಅಂದೆ. ನಿಜ ಹೇಳಿದ್ರೆ ಓಡಿ ಬರ್ತಿದ್ದೆ.”

“ಅಂದೆ. ಏನು ಸಮಾಚಾರ ಅಂತ ನೀನು ಕೇಳ್ತೀಯ ಅಂತ ಕಾದೆ. ನೀನು ಸರಿ ಅತ್ತೆ, ಕೆಲ್ಸ ಇದೆ ಅಂತ ಫೋನ್ ಇಟ್ಟುಬಿಟ್ಟೆ.” ಮುದುಕಿ ಫೋನಿನ ಪರದೆ ಒರೆಸಿದಳು. “ಆಮೇಲೆ ಆ ಮಾತು ನನ್ನ ಬಾಯಿಗೆ ಬರ್ಲಿಲ್ಲ ಕಣೇ. ನನ್ನ ತಮ್ಮ ಅವ್ನು.”

ಪುಕ್ಕಟೆ ಕೊಡುವ ಜಾತಿ ನನ್ನದಲ್ಲ. ಆದರೂ ಇಬ್ಬರ ಕೈಗೂ ಒಂದೊಂದು ಪ್ಯಾಕೆಟ್ ಇಟ್ಟೆ. ಕೊನಾಡು ಮೂಲೆ ಕಚ್ಚಿ ಅರ್ಧ ಕುಡಿದಳು. ಆಮೇಲೆ ಅತ್ತೆಯ ಪಕ್ಕ ಕೂತು, ಅಷ್ಟು ದಿನಗಳಲ್ಲಿ ಮೊದಲ ಸಲ ಸ್ಥಿರವಾಗಿ ಕೂತು, ಕೇಳಿದಳು.

“ಅತ್ತೆ, ಅವತ್ತಿನ ಸಮಾಚಾರ ಏನು?”

ಡುಫಿಯೆ ತನ್ನ ಪ್ಯಾಕೆಟ್ಟನ್ನು ಒಡೆಯದೆ ಮಡಿಲಲ್ಲೇ ಹಿಡಿದಿದ್ದಳು.

“ತಣ್ಣೀರು ಕೇಳ್ದ. ಮನೇಲಿ ಫ್ರಿಜ್ ಕೆಟ್ಟಿತ್ತು. ಅಂಗಡಿಯಿಂದ ತರ್ಲಾ ಅಂದೆ. ಬೇಡ, ಕೊನಾಡು ಬಂದು ಸರಿ ಮಾಡ್ತಾಳೆ, ಆಮೇಲೆ ಕುಡೀತೀನಿ ಅಂದ.”