ಅಕ್ಕನ ವ್ಯಾನಿಗೆ ಬಿದ್ದ ದಂಡ

ಇಸ್ತ್ರಿ ಅಂಗಡಿ ಅಕ್ಕ ತಮ್ಮ ಇಬ್ಬರದು. ತಮ್ಮ ಒಳಗೆ ಮೇಜಿನ ಮುಂದೆ ನಿಂತು ಇಸ್ತ್ರಿ ಹಾಕುತ್ತಿದ್ದ; ಅಕ್ಕ ವ್ಯಾನಿನಲ್ಲಿ ಬಟ್ಟೆಗಳನ್ನು ಮನೆಮನೆಗೆ ಮುಟ್ಟಿಸಿ ಬರುತ್ತಿದ್ದಳು. ಮಾತೆಲ್ಲ ಅವಳ ಪಾಲಿಗೇ ಬಂದಿತ್ತು. ಎಲ್ಲೆಂದರಲ್ಲಿ ವ್ಯಾನು ನಿಲ್ಲಿಸುವುದು, ಪೊಲೀಸರು ಬಂದರೆ "ಎರಡೇ ನಿಮಿಷ ಸಾರ್, ನಿಮ್ಮ ಯೂನಿಫಾರ್ಮೂ ಕೊಡಿ, ಗರಿಗರಿ ಮಾಡಿ ತಂದ್ಕೊಡ್ತೀನಿ" ಎಂದು ನಗಿಸಿ ಜಾರಿಕೊಳ್ಳುವುದು ಅವಳಿಗೆ ನೀರು ಕುಡಿದಷ್ಟು ಸಲೀಸು. ತಮ್ಮನೋ, ಬಾಯಿಸತ್ತವನು.

ಆ ಅಕ್ಕ ಒಂದು ಮಧ್ಯಾಹ್ನ ಬ್ಯಾಂಕಿನ ಎದುರು, ಗಾಡಿ ನಿಲ್ಲಿಸಬಾರದ ಕಡೆ ನಿಲ್ಲಿಸಿ, ಸ್ಟೀರಿಂಗಿಗೆ ತಲೆಯಾನಿಸಿದವಳು ಮತ್ತೆ ಎತ್ತಲಿಲ್ಲ. ಹೃದಯಾಘಾತ. ಸಂಜೆ ಬ್ಯಾಂಕಿನ ಕಾವಲುಗಾರ ಕಿಟಕಿ ತಟ್ಟಿ, ಕೂಗಿ, ಕೊನೆಗೆ ಜನ ಸೇರಿಸಿದ. ಆಸ್ಪತ್ರೆಯಿಂದ ಬಂದು ವ್ಯಾನು ತರಲು ಹೋದ ತಮ್ಮನಿಗೆ ವೈಪರಿನಡಿ ದಂಡದ ಚೀಟಿ ಕಂಡಿತು. ಮಧ್ಯಾಹ್ನವೇ ಬರೆದದ್ದು.

ಅವನು ಅಳಲಿಲ್ಲ. ಮಣ್ಣು ಮಾಡುವಾಗಲೂ ಇಲ್ಲ. ನೆಂಟರು ಗುಸುಗುಸು ಎಂದರು. ಮಾರನೆಯ ವಾರ ಅಂಗಡಿ ತೆರೆದು, ಆಗಲೇ ಇಸ್ತ್ರಿಯಾದ ಕಾಲರನ್ನೇ ಮತ್ತೆ ಮತ್ತೆ ತೀಡುತ್ತ ನಿಂತ.

"ಆ ದಂಡ ಕಟ್ಟಿ ಕೈ ತೊಳ್ಕೊಳ್ಳಿ ಅಂದ್ರೆ," ಎಂದಳು ಹೆಂಡತಿ.

"ಕಟ್ಟಲ್ಲ. ಹೋಗಿ ಕೇಳ್ತೀನಿ."

"ಏನಂತ ಕೇಳ್ತೀರಿ?"

ಅದು ಅವನಿಗೂ ಗೊತ್ತಿರಲಿಲ್ಲ.

ದಂಡದ ತಕರಾರು ಕೇಳುವ ಕೋಣೆಯಲ್ಲಿ ಬೆಂಚಿನ ತುಂಬ ಜನ. ಮುಂದಿದ್ದವನು "ನೋ ಪಾರ್ಕಿಂಗ್ ಬೋರ್ಡಿಗೆ ಮರ ಅಡ್ಡ ಇತ್ತು ಸಾರ್" ಎಂದ. "ಮರ ನಿಮ್ಮೊಬ್ಬರಿಗೇ ಅಡ್ಡ ಬಂತಾ?" ಎಂದರು ಅಧಿಕಾರಿ. ಎಲ್ಲರೂ ನಕ್ಕರು. ತಮ್ಮ ಅಧಿಕಾರಿಯ ಅಂಗಿಯನ್ನು ನೋಡುತ್ತಿದ್ದ. ಗಂಜಿ ಜಾಸ್ತಿಯಾಗಿತ್ತು.

ಅವನ ಸರದಿ ಬಂತು.

"ಗಾಡಿ ನಿಲ್ಲಿಸಿದ್ದು ನಮ್ಮಕ್ಕ. ಚೀಟಿ ಸಿಕ್ಕಿಸುವಾಗ ಒಳಗೇ ಇದ್ಲು."

"ಇದ್ದೋರು ಗಾಡಿ ತೆಗೀಬೇಕಿತ್ತಲ್ಲ?"

"ತೆಗೆಯೋಕೆ ಆಗ್ಲಿಲ್ಲ ಸಾರ್. ಸೀಟಲ್ಲೇ ಹೋಗ್ಬಿಟ್ಲು."

ಮರಣದ ದಾಖಲೆ ಮುಂದಿಟ್ಟ. ಅಧಿಕಾರಿ ಅದನ್ನು ಎರಡು ಸಲ ಓದಿ, ಪೆನ್ನಿನ ಮುಚ್ಚಳ ಹಾಕಿ ಮತ್ತೆ ತೆಗೆದರು. "ದಂಡ ಮನ್ನಾ ಮಾಡಿದ್ದೀನಿ. ಹೋಗ್ಬನ್ನಿ."

ಅವನು ಏಳಲಿಲ್ಲ. "ಬರೆದೋರನ್ನ ಒಂದ್ಸಲ ನೋಡ್ಬೇಕು."

"ನೋಡಿ ಏನ್ಮಾಡ್ತೀರಿ? ಜಗಳ ಗಿಗಳ ಇಲ್ಲಿ ಬೇಡ."

"ನಂಗೆ ಜಗಳ ಆಡೋಕೆ ಬರಲ್ಲ ಸಾರ್."

ಗೋಡೆಯ ಪಕ್ಕ ನಿಂತಿದ್ದ ಮಹಿಳಾ ಪೇದೆಯೊಬ್ಬಳು ಅವನ ಹಿಂದೆಯೇ ಹೊರಗೆ ಬಂದಳು. ಚಿಕ್ಕ ವಯಸ್ಸು. ಮುಖ ಬಿಳಿಚಿಕೊಂಡಿತ್ತು.

"ನಾನೇ ಅಣ್ಣ, ಬರೆದಿದ್ದು. ತಲೆ ಸ್ಟೀರಿಂಗ್ ಮೇಲಿತ್ತು. ನಿದ್ದೆ ಹೋಗಿದ್ದಾರೆ ಅಂದ್ಕೊಂಡೆ. ಪಾಪ, ಸುಸ್ತಾಗಿರ್ಬೇಕು, ಎಬ್ಬಿಸೋದು ಬೇಡ ಅಂತ ಸದ್ದಾಗದ ಹಾಗೆ ವೈಪರ್ ಎತ್ತಿ ಸಿಕ್ಕಿಸಿದೆ." ಅವಳು ಒಂದು ಹೆಜ್ಜೆ ಹತ್ತಿರ ಬಂದಳು. "ನಾನು ತಟ್ಟಿದ್ರೆ ಬದುಕ್ತಿದ್ರಾ?"

"ಇಲ್ಲಮ್ಮ. ನೀವು ಬರೋ ಹೊತ್ತಿಗೇ ಹೋಗಿದ್ಲಂತೆ. ಡಾಕ್ಟ್ರೇ ಹೇಳಿದ್ರು."

ಡಾಕ್ಟರು ಹೇಳಿದ್ದು ಬೇರೆ. ಸ್ವಲ್ಪ ಮೊದಲೇ ಕರೆತಂದಿದ್ದರೆ ನೋಡಬಹುದಿತ್ತು ಎಂದಿದ್ದರು. ಹುಟ್ಟಿದಾಗಿನಿಂದ ಸುಳ್ಳು ಹೇಳಲು ತಡವರಿಸುತ್ತಿದ್ದವನ ಬಾಯಿಂದ ಅದು ಇಷ್ಟು ಸರಾಗವಾಗಿ ಹೊರಟಿತ್ತು. ಅದಕ್ಕೂ ಅವನಿಗೆ ಏನೂ ಅನ್ನಿಸಲಿಲ್ಲ.

ಹುಡುಗಿ ಗೋಡೆಗೆ ಹಣೆ ಒತ್ತಿ ಬಿಕ್ಕಿ ಬಿಕ್ಕಿ ಅತ್ತಳು. ಓಡಾಡುವವರು ತಿರುಗಿ ನೋಡಿದರು. ಅವನು ಕೈಕಟ್ಟಿಕೊಂಡು ಪಕ್ಕದಲ್ಲೇ ನಿಂತ. ತನ್ನ ಪಾಲಿನದನ್ನೂ ಅವಳೇ ಅಳುತ್ತಿರುವಂತೆ ಕಂಡಿತು. ಅವಳು ಮುಖ ಒರೆಸಿಕೊಂಡು ಟೋಪಿ ಸರಿಮಾಡಿಕೊಳ್ಳುವವರೆಗೂ ಕದಲಲಿಲ್ಲ.

ಮೆಟ್ಟಿಲಿಳಿಯುವಾಗ ಹೆಂಡತಿಯ ಫೋನು ಬಂತು.

"ಏನಾಯ್ತು?"

"ದಂಡ ಮನ್ನಾ ಆಯ್ತು."

"ಸದ್ಯ! ಮನಸ್ಸು ಸ್ವಲ್ಪ ಹಗುರಾಯ್ತಾ?"

ಅವನು ಒಂದು ಕ್ಷಣ ನಿಂತು, ಹಗುರಾಗಿದೆಯೇ ಎಂದು ನಿಜವಾಗಿಯೂ ನೋಡಿಕೊಂಡ.

"ಊಟಕ್ಕೆ ಬರ್ತೀನಿ," ಎಂದ.