ಪದ್ಯ ಮುಗಿಯುವತನಕ

ಪರದೆಯ ಕೆಳಗಿನ ಗೇಣುದ್ದದ ಸಂದಿಯಲ್ಲಿ ಬೂಟುಗಳು, ಕರಿಯವು, ಕಂದು ಬಣ್ಣದವು, ಬೆಳಿಗ್ಗೆಯಷ್ಟೇ ಯಾರೋ ಆಳು ಕೂತು ತಿಕ್ಕಿ ಹೊಳೆಯಿಸಿದವು, ಒಂದರ ಹಿಂದೊಂದು ಬಂದು ಮೊದಲ ಸಾಲಿನ ಕುರ್ಚಿಗಳ ಮುಂದೆ ನೆಲೆಯಾಗುತ್ತಿವೆ, ಇವುಗಳಲ್ಲಿ ಕಲೆಕ್ಟರನದು ಯಾವುದೋ ಆಲಿಸಳಿಗೆ ತಿಳಿಯುವುದಿಲ್ಲ, ವೇದಿಕೆಯ ಮೇಲೆ ಹಾರ್ಮೋನಿಯಂ ಪೇಟಿಯ ಮುಂದೆ ಕಾಲು ಮಡಚಿ ಕೂತವಳಿಗೆ ಮೊಣಕಾಲಿನ ಮೇಲಿನ ಲೋಕ ಕಾಣುವುದೂ ಇಲ್ಲ, ಆದರೆ ಬಾಗಿಲ ಹತ್ತಿರ ಆಚೆ ಈಚೆ ತಿರುಗಾಡುವ ಒಂದು ಜೋಡಿಯ ಅಡಿಗೆ ಮೊಳೆ ಹೊಡೆದಿದೆ, ಅದನ್ನು ಕಣ್ಣಿನಿಂದ ನೋಡಬೇಕಾಗಿಲ್ಲ, ಟಕ್ ಟಕ್, ಕಲ್ಲಿನ ಮೇಲೆ ಟಕ್ ಟಕ್, ಆ ಸದ್ದಿನ ಗುರುತು ಅವಳಿಗಿದೆ — ಮಾಳಮಡ್ಡಿಯ ಓಣಿಯಲ್ಲಿ ಅದು ಹೀಗೆಯೇ ಬಂದಿತ್ತು, ಹೋದ ವರ್ಷ, ಚಳವಳಿಯ ದಿನಗಳಲ್ಲಿ, ಇನ್ನೂ ಸರಿಯಾಗಿ ಬೆಳಗಾಗಿರಲಿಲ್ಲ, ಮಂದಾಕಿನಿ ಕಣ್ಣು ಮುಚ್ಚಿ ಹಾಡುತ್ತಿದ್ದಳು — ಬೇಡ, ಈಗ ಅದು ಬೇಡ. ಆಲಿಸಳ ಎಡಗೈ ತಾನಾಗಿ ಪೇಟಿಯ ತಿದಿಯನ್ನು ಎಳೆಯುತ್ತದೆ, ಬಲಗೈ ಇನ್ನೂ ಮಡಿಲಲ್ಲೇ ಇದೆ, ಯಾವ ಸ್ವರವನ್ನೂ ಒತ್ತಿಲ್ಲ, ತಿದಿಯ ಮಡಿಕೆಯ ಮೇಲೆ ಅಂಟಿಸಿದ ಖಾದಿಯ ತೇಪೆ ಉಬ್ಬುತ್ತದೆ, ಮೆಲ್ಲಗೆ ಇಳಿಯುತ್ತದೆ, ಅಂಚಿನಲ್ಲೆಲ್ಲೋ ಅಂಟು ಬಿಟ್ಟಿದೆ, ಸ್ಸ್ ಎಂದು ಗಾಳಿ ಹೊರಗೆ ಹೋಗುತ್ತದೆ. ಆಲಿಸ್‌ಬಾಯಿ, ಆ ಸಪ್ಪಳ ಒಂದೀಟು ಸಂಭಾಳಿಸ್ರಿ, ಸಾಹೇಬ್ರು ಮುಂದ ಕೂತಾರ, ಹಾವು ಬುಸುಗುಟ್ಟಿಧಂಗ ಆಗತದ, ಎಂದು ಕಿವಿಯ ಹತ್ತಿರ ತಾರಾಬಾಯಿ, ಗಾಯನ ಮಂಡಳಿಯ ಅಧ್ಯಕ್ಷೆ, ದೊಡ್ಡ ವಕೀಲರ ಹೆಂಡತಿ, ಮೈತುಂಬ ಇಳಕಲ್ ರೇಷ್ಮೆ, ಹೋದ ವರ್ಷ ಇದೇ ಮೈಮೇಲೆ ಖಾದಿಯಿತ್ತು, ಇದೇ ಬಾಯಿ ಗುರುವಾರದ ವಾಚನಕೂಟದಲ್ಲಿ ಸರಕಾರ ನಿಷೇಧಿಸಿದ ಪತ್ರಿಕೆಗಳನ್ನು ಗಟ್ಟಿಯಾಗಿ ಓದುತ್ತಿತ್ತು, ಓದಿ ಓದಿ ಗಂಟಲು ಒಣಗಿದರೆ ಅಡುಗೆಮನೆಯಿಂದ ಕೇಸರಿ ಹಾಕಿದ ಹಾಲು ಬರುತ್ತಿತ್ತು, ಈಗ ಯುದ್ಧನಿಧಿಗೆ ಸಂಗೀತದ ಜಲಸಾ, ಕಾಲೇಜಿನ ದೊಡ್ಡ ಸಭಾಗೃಹ, ಮಾವಿನ ಎಲೆ, ಗುಲಾಬಿ ನೀರು, ಮತ್ತು ಮೊದಲಿಗೆ ಸ್ವಾಗತಗೀತೆ, ಮಂದಾಕಿನಿ ಕಟ್ಟಿದ ಹಾಡಿನ ಧಾಟಿಯ ಮೇಲೆ.

ಹಾಡಲ್ಲ, ಧಾಟಿ ಮಾತ್ರ, ಹಾಡನ್ನು ತೆಗೆದುಬಿಟ್ಟಿದ್ದಾರೆ, ಕೋಳಿಯ ಹೊಟ್ಟೆಯೊಳಗಿನದನ್ನು ತೆಗೆದು ಬೇರೆ ಏನನ್ನೋ ತುಂಬುವಂತೆ. ಈ ಓಣಿ ಯಾರದು, ಈ ಬೆಳಗು ಯಾರದು ಎಂದು ಮಂದಾಕಿನಿ ಮುಂದೆ ನಿಂತು ಕೇಳುತ್ತಿದ್ದಳು, ನಮ್ಮದು ನಮ್ಮದೇ ಎಂದು ಹಿಂದಿನಿಂದ ಹುಡುಗಿಯರು ಒಪ್ಪುತ್ತಿದ್ದರು, ಕೇಳುವುದು ಒಬ್ಬಳು, ಒಪ್ಪುವುದು ಎಲ್ಲರು, ಬೆಳಗಿನ ಜಾವ ಓಣಿ ಓಣಿ ತಿರುಗುವ ಪ್ರಭಾತಫೇರಿಯ ಹಾಡೆಂದರೆ ಅಷ್ಟೇ, ಅದಕ್ಕಿಂತ ಹೆಚ್ಚೇನೂ ಇರಲಿಲ್ಲ, ಅಷ್ಟಕ್ಕೇ ಸರಕಾರ ಅದನ್ನು ನಿಷೇಧಿಸಿತು. ಈಗ ತಾರಾಬಾಯಿ ಕೇಳುತ್ತಾರೆ, ಈ ಸಭೆಗೆ ಬಂದವರು, ಬೆಳಕ ತಂದವರು ಯಾರವರು, ಅದೇ ಹುಡುಗಿಯರು ಒಪ್ಪಬೇಕು, ನಮ್ಮವರು ನಮ್ಮವರೇ. ಧಾಟಿ ಯಾರಪ್ಪನ ಮನೀ ಆಸ್ತೀನೂ ಅಲ್ಲರಿ, ಅಕ್ಷರ ನಾಕು ಬದಲು ಮಾಡಿದ್ರ ಸರಕಾರಕ್ಕೂ ಸಮಾಧಾನ, ಮಂಡಳೀನೂ ಉಳೀತದ, ಮಂದಾನ್ನ ನಾನೇನು ಮರತೇನೇನು, ಎಂದಿದ್ದರು ತಾರಾಬಾಯಿ — ಹೌದು, ಮರೆತಿಲ್ಲ, ಅವಳ ಫೋಟೋಕ್ಕೆ ಹಾರ ಹಾಕಿ ಮಂಡಳಿಯ ಕೋಣೆಯಲ್ಲಿ ಇಟ್ಟಿದ್ದಾರೆ, ಇವತ್ತು ಸಾಹೇಬರು ಚಹಕ್ಕೆ ಅಲ್ಲಿಗೇ ಬರುವವರೆಂದು ಬೆಳಿಗ್ಗೆ ಅದನ್ನು ತೆಗೆದು ಕಪಾಟಿನ ಹಿಂದೆ ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದಾರೆ, ಆಲಿಸ್ ನೋಡಿದಳು, ನೋಡಿ ಪೇಟಿ ಎತ್ತಿಕೊಂಡು ಬಂದಳು, ಪೇಟಿ ಅವಳದೇ, ತೇಪೆ ಮಾತ್ರ ಮಂದಾಕಿನಿಯದು. ಮೊದಮೊದಲ ಫೇರಿಯ ದಿನಗಳಲ್ಲಿ ತಿದಿ ಹರಿದಿತ್ತು, ರಿಪೇರಿ ಮಾಡುವವನು ಹುಬ್ಬಳ್ಳಿಯಲ್ಲಿ, ನಾಳೆ ಬೆಳಿಗ್ಗೆಯೇ ಫೇರಿ, ಕೆಲಗೇರಿಯ ಕೆರೆಯ ದಂಡೆಯ ಮೇಲೆ ಕೂತು ಮಂದಾಕಿನಿ ತನ್ನ ಸೆರಗಿನ ಮೂಲೆಯನ್ನು ಹಲ್ಲಿನಿಂದ ಕಚ್ಚಿ ಹರಿದಳು, ಗಂಜಿ ಹಚ್ಚಿ ಒತ್ತಿ ಒತ್ತಿ ಅಂಟಿಸಿದಳು, ಇನ್ನ ಇದು ನನ್ನ ಹೊಟ್ಟೀನೂ ಹೌದು ನೋಡ್ರಿ ಅಕ್ಕಾರ, ನಾ ಉಪಾಸ ಇದ್ರ ಪೇಟೀನೂ ಉಪಾಸ, ಎಂದು ನಕ್ಕಳು, ಅಕ್ಕಾರು ಎಂದರೆ ಶಾಲೆಯ ಶಿಕ್ಷಕಿ, ಆಲಿಸ್ ಮಿಶನ್ ಶಾಲೆಯಲ್ಲಿ ಅವಳಿಗೆ ಕಲಿಸಿದವಳು, ಆಗ ಅವಳ ಹಿಂದೆ ಕೊರಳಿಗೆ ಪೇಟಿ ತೂಗುಹಾಕಿಕೊಂಡು ನಡೆಯುತ್ತಿದ್ದವಳು. ಅದೇ ದಂಡೆಯ ಮೇಲೆ ಮಂದಾಕಿನಿ ಎಲ್ಲರಿಗೂ ನಿಯಮ ಹೇಳಿದಳು, ಪೋಲೀಸರು ಕಂಡರೆ ಯಾರೂ ಕೂಗಬಾರದು, ಓಡಿರೆಂದು ಹೇಳಬಾರದು, ಅಕ್ಕಾರು ಪೇಟಿ ನಿಲ್ಲಿಸುತ್ತಾರೆ, ಪೇಟಿ ನಿಂತಿತೆಂದರೆ ಬಾಯಿ ಮುಚ್ಚಿ ಸಿಕ್ಕ ಸಂದಿಯಲ್ಲಿ ಸೇರಿಬಿಡಬೇಕು, ಹಿಂದಿರುಗಿ ನೋಡಬಾರದು, ನಾ ಕಣ್ಣ ಮುಚ್ಚಿರತೇನಿ, ನನಗ ಪೇಟಿನ ಕಣ್ಣು. ಎಷ್ಟು ಸಲ ರೂಢಿ ಮಾಡಿಸಿದಳು, ಹಾಡು ಏರುವಾಗ ಫಕ್ಕನೆ ಪೇಟಿ ನಿಲ್ಲಬೇಕು, ಹುಡುಗಿಯರು ಗುಬ್ಬಿಗಳಂತೆ ಚದುರಬೇಕು, ಆ ಶಮೀಮ, ಎಲ್ಲರಿಗಿಂತ ದೊಡ್ಡ ದನಿಯವಳು, ನಗು ತಡೆಯಲಾರದೆ ಕೆರೆಯ ಕೆಸರಿನಲ್ಲಿ ಬಿದ್ದಳು.

ರೂಢಿ ಹುಡುಗಿಯರಿಗೆ ಆಯಿತು, ಆಲಿಸಳ ಬೆರಳುಗಳಿಗೆ ಆಗಲಿಲ್ಲ, ಅವುಗಳಿಗೆ ಬೇರೆ ರೂಢಿ ಇತ್ತು, ಬಹಳ ಹಳೆಯದು, ಚರ್ಚಿನಲ್ಲಿ ಕಾಲಿನಿಂದ ತುಳಿಯುವ ದೊಡ್ಡ ಪೇಟಿಯ ಮುಂದೆ ಅಪ್ಪ ಅವಳನ್ನು ಕೂರಿಸಿದ್ದು ಫ್ರಾಕು ಹಾಕುವ ವಯಸ್ಸಿನಲ್ಲಿ, ಉಪದೇಶಿ ಬೆಂಜಮಿನ್, ಈಗ ಕಣ್ಣು ಕಾಣದೆ ಮಿಶನ್ನಿನ ಮನೆಯ ಕಟ್ಟೆಯ ಮೇಲೆ ಕೂತಿರುವ ಅಪ್ಪ, ಆಗ ಅವಳ ಹಿಂದೆ ನಿಂತು ಹೇಳುತ್ತಿದ್ದ, ಮಂದಿ ತಪ್ಪಲಿ, ಪಾದ್ರಿಗಳು ತಪ್ಪಲಿ, ಪದ್ಯ ಮುಗಿಯೂತನಕ ನೀ ಬಟ್ಟು ಎತ್ತಬ್ಯಾಡ ಮಗಳ, ಅರ್ಧಕ್ಕ ಬಿಟ್ಟ ಪದ್ಯ ದೇವರ ಮುಂದ ಅರ್ಧಾ ತೆರದ ಬಾಗಲಾ ಇದ್ಧಂಗ. ಓಣಿಯ ತಿರುವಿನಲ್ಲಿ ಮೊಳೆ ಹೊಡೆದ ಬೂಟು ಕೇಳಿಸಿತು, ಕೇಳಿಸಿತು, ಇಲ್ಲವೆನ್ನುವಂತಿಲ್ಲ, ಲಾಟೀನಿನ ಬೆಳಕು ಗೋಡೆಯ ಮೇಲೆ ಬಂತು, ಹಿಂದಿನ ಹುಡುಗಿಯರು ತಾವೇ ನೋಡಿ ಒಬ್ಬೊಬ್ಬರಾಗಿ ಜಾರಿದರು, ಒಪ್ಪುವ ದನಿ ತೆಳ್ಳಗಾಯಿತು, ಕೊನೆಗೆ ಶಮೀಮಳದೊಂದೇ, ಅದೂ ಯಾರದೋ ಬಾಗಿಲೊಳಗೆ ಹೋಯಿತು, ಪದ್ಯದ ಅರ್ಧ ಸಾಲು ಉಳಿದಿತ್ತು, ಅರ್ಧವೇ ಸಾಲು, ಆಲಿಸಳ ಬೆರಳು ಏಳಲಿಲ್ಲ, ಅದು ಧೈರ್ಯವಲ್ಲ, ಹೆದರಿಕೆಯೂ ಅಲ್ಲ, ಬೆರಳು ಪದ್ಯವನ್ನು ಮುಗಿಸುತ್ತಿತ್ತು, ಪೇಟಿ ಹಾಡುತ್ತಿದೆಯಲ್ಲ ಎಂದು ಮಂದಾಕಿನಿಯೂ ಹಾಡಿದಳು, ಕಣ್ಣು ತೆರೆದಾಗ ಎದುರಿಗೆ ಫೌಜದಾರ. ನೀವು ಸಾಲಿ ಅಕ್ಕಾರಲ್ರಿ, ಉಪದೇಶಿಗಳ ಮಗಳು, ಇಂಥಾದ್ರಾಗ ನಿಮಗೇನು ಕೆಲಸರಿ, ಮನಿಗೆ ನಡೀರಿ, ಎಂದು ಅವನು ಆಲಿಸಳಿಗೆ ದಾರಿ ಬಿಟ್ಟ, ದಾರಿ ಬಿಟ್ಟ, ಆ ದಾರಿಯಲ್ಲಿ ಅವಳು ನಡೆದೂ ಹೋದಳು, ಹಿಂದಿನಿಂದ ಮಂದಾಕಿನಿಯ ನಗು, ಪದ್ಯ ಮುಗಿಸಿದ್ರಿ ನೋಡ್ರಿ ಅಕ್ಕಾರ, ನಾವಾಗಿದ್ರ ಅರ್ಧಕ್ಕ ಬಿಟ್ಟು ಓಡತಿದ್ವಿ — ಹೊಗಳಿದಳೋ, ಹಂಗಿಸಿದಳೋ, ಅಂದಿನಿಂದ ಆಲಿಸ್ ಆ ಮಾತನ್ನು ಅತ್ತಿತ್ತ ಹೊರಳಿಸಿ ನೋಡುತ್ತಲೇ ಇದ್ದಾಳೆ, ಬೆಳಿಗ್ಗೆ ಮಕ್ಕಳ ಹಾಜರಿ ಕೂಗುವಾಗ, ಅಪ್ಪನಿಗೆ ಗಂಜಿ ಕುಡಿಸುವಾಗ, ಚರ್ಚಿನಲ್ಲಿ ಪದ್ಯದ ಮೇಲೆ ಪದ್ಯ ತಪ್ಪದೆ ಮುಗಿಸುವಾಗ. ಕ್ಯಾಥರೀನ್‌ಬಾಯಿಯವರು, ಶಾಲೆಯ ಮುಖ್ಯಸ್ಥೆ, ಕೋಣೆಗೆ ಕರೆಸಿ ಬಾಗಿಲು ಮುಂದೆ ಮಾಡಿದರು, ಈ ಸಲ ನಿನ್ನ ಉಳಿಸೇನಿ ಆಲಿಸ್, ಇನ್ನೊಮ್ಮೆ ಇಂಥಾದ್ದು ಆದ್ರ ನನ್ನ ಕೈಯಾಗ ಏನೂ ಇಲ್ಲ, ನೌಕರಿ ಹೋಗತದ, ಮನಿ ಬಿಡಬೇಕಾಗತದ, ಆ ಕುರುಡ ಅಪ್ಪನ್ನ ಎಲ್ಲಿಗೆ ಕರಕೊಂಡು ಹೋಗತಿ. ಅವರೂ ಅಲ್ಲೇ ಮೊದಲ ಸಾಲಿನಲ್ಲಿ ಇದ್ದಾರೆ, ಬೂಟುಗಳ ನಡುವೆ ಆ ಬಿಳಿಯ ಕಾಲುಚೀಲ ಅವರದೇ.

ಜೈಲಿನ ಆಸ್ಪತ್ರೆಗೆ ಚರ್ಚಿನ ಹೆಂಗಸರೊಂದಿಗೆ ಹೋದದ್ದು, ಕೈಯಲ್ಲಿ ಪೇರಲ ಹಣ್ಣಿನ ಬುಟ್ಟಿ, ಬಾಯಲ್ಲಿ ಪ್ರಾರ್ಥನೆ, ಕೊನೆಯ ಮಂಚದ ಮೇಲೆ ವಿಷಮಜ್ವರದ ಹುಡುಗಿ, ಕೂದಲು ಕತ್ತರಿಸಿದ್ದರು, ಮೊದಲು ಗುರುತೇ ಸಿಗಲಿಲ್ಲ, ಮೈಮೇಲೆ ದಪ್ಪ ಬಟ್ಟೆ, ಎದೆಯ ಮೇಲೆ ಆ ಬಟ್ಟೆ ಉಬ್ಬುತ್ತದೆ, ಇಳಿಯುತ್ತದೆ, ತುಟಿಗಳು ಆಡುತ್ತಿವೆ, ದನಿ ಇಲ್ಲ, ಬರೀ ಉಸಿರು, ಸ್ಸ್ ಎಂದು, ಆದರೆ ತುಟಿ ಏನು ಕೇಳುತ್ತಿದೆಯೆಂದು ಆಲಿಸಳಿಗೆ ತಿಳಿಯದೆ ಇರುತ್ತದೆಯೇ, ಈ ಓಣಿ ಯಾರದು, ಈ ಬೆಳಗು ಯಾರದು, ಕೇಳಿ ನಿಲ್ಲಿಸುತ್ತದೆ, ಒಪ್ಪುವವರಿಗಾಗಿ ಕಾಯುತ್ತದೆ, ಮತ್ತೆ ಕೇಳುತ್ತದೆ. ಒಂದು ಮಾತು ಸಾಕಿತ್ತು, ನಮ್ಮದು ಎನ್ನಬೇಕಿತ್ತು, ಕಿವಿಯಲ್ಲಿ ಅಂದಿದ್ದರೂ ನಡೆಯುತ್ತಿತ್ತು, ಪಕ್ಕದಲ್ಲಿ ಕಾವಲಿನ ಹೆಂಗಸು ನಿಂತಿದ್ದಳು, ಆಲಿಸ್ ಒಂದು ಪೇರಲ ಹಣ್ಣನ್ನು ಮಂಚದ ಮೇಲಿಟ್ಟು ಮುಂದೆ ನಡೆದಳು, ಆ ವಾರದಲ್ಲೇ ಮಂದಾಕಿನಿ ಹೋದ ಸುದ್ದಿ ಬಂತು. ಅಂದಿನಿಂದ ಈ ಪೇಟಿಯನ್ನು ಬಿಚ್ಚಿದಾಗೆಲ್ಲ ತೇಪೆ ಕೇಳುತ್ತದೆ, ಕೇಳಿ ಕಾಯುತ್ತದೆ, ಅಪ್ಪ ಕಟ್ಟೆಯ ಮೇಲಿಂದ ಕಿವಿಗೊಟ್ಟು ಕೇಳುತ್ತಾನೆ, ಯಾರವಾ ಅದು, ಒಳಗ ಯಾರೋ ಉಸರಾಡಾಕತ್ತಾರಲ್ಲ, ಯಾರೂ ಇಲ್ಲಪ್ಪಾ, ಹಳೀ ಪೇಟಿ, ತೂತು ಬಿದ್ದದ. ಹೊಸ ಚರ್ಮ ಹಾಕಿಸಬಹುದಿತ್ತು, ಹುಬ್ಬಳ್ಳಿ ಏನು ದೂರ, ಹಾಕಿಸಲಿಲ್ಲ, ಇವತ್ತೂ ಅದನ್ನೇ ತಂದಿದ್ದಾಳೆ, ತಂದು ಸಭಾಗೃಹದ ಮೆಟ್ಟಿಲು ಹತ್ತುವಾಗ ಲಕ್ಷ್ಮೀಬಾಯಿ ಸಿಕ್ಕರು, ಮಂದಾಕಿನಿಯ ತಾಯಿ, ಯಾರೂ ಕರೆದಿರಲಿಲ್ಲ, ತಾವೇ ನಡೆದು ಬಂದಿದ್ದರು, ಒಗೆದ ಸೀರೆ, ಕೈಯಲ್ಲಿ ಮಲ್ಲಿಗೆಯ ದಂಡೆ, ನನ್ನ ಮಂದಾನ ಹಾಡು ಹಾಡಸಾಕತ್ತಾರಂತ, ಖರೇ ಏನವಾ ಆಲಿಸ್, ನಾ ಒಮ್ಮೆನೂ ಪೂರ್ತಿ ಕೇಳಿಲ್ಲ, ಬೆಳಗಿನ್ಯಾಗ ನಾ ಎದ್ದು ಬಾಗಲಾ ತಗಿಯೂದ್ರಾಗ ನೀವೆಲ್ಲಾ ಮುಂದಿನ ಓಣಿಗೆ ಹೋಗಿರತಿದ್ರಿ. ಖರೇ ಅದರಿ, ಎಂದಿತು ಆಲಿಸಳ ಬಾಯಿ, ಕಾಲು ಮೆಟ್ಟಿಲು ಹತ್ತಿತು, ಖರೇ ಅದರಿ, ಧಾಟಿಯಂತೂ ಖರೇ.

ಪರದೆ ಮೇಲೇಳುತ್ತಿದೆ, ಬೂಟುಗಳ ಮೇಲೆ ಮನುಷ್ಯರು ಬೆಳೆಯುತ್ತಿದ್ದಾರೆ, ಮೊಣಕಾಲು, ಹೊಟ್ಟೆ, ಹಾರ, ಮುಖಗಳು, ನಗುವ ಮುಖಗಳು, ಕಿಟಕಿಯಿಂದ ಬಿದ್ದ ಸಂಜೆಯ ಬಿಸಿಲಿನಲ್ಲಿ ಕಲೆಕ್ಟರನ ಹಣೆಯ ಬೆವರು, ಪಕ್ಕದಲ್ಲಿ ಕ್ಯಾಥರೀನ್‌ಬಾಯಿಯವರ ಕನ್ನಡಕ, ಎಲ್ಲಕ್ಕೂ ಹಿಂದೆ, ಕಂಬಕ್ಕೆ ಆನಿಕೊಂಡು, ಲಕ್ಷ್ಮೀಬಾಯಿ ಮಲ್ಲಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಾರೆ, ಮಗುವನ್ನು ಹಿಡಿದಂತೆ. ತಾರಾಬಾಯಿ ಕೈಮುಗಿದರು, ಆಲಿಸ್ ಶ್ರುತಿ ಹಿಡಿದಳು, ಬೆರಳುಗಳು ಓಣಿಯನ್ನು ಹೊಕ್ಕವು, ಅವುಗಳಿಗೆ ಅಕ್ಷರ ಗೊತ್ತಿಲ್ಲ, ಮಾಳಮಡ್ಡಿಯ ಮುಂಜಾನೆ ಗೊತ್ತು, ಸಗಣಿ ಸಾರಿಸಿದ ಅಂಗಳದ ವಾಸನೆ ಗೊತ್ತು, ಈ ಸಭೆಗೆ ಬಂದವರು ಎಂದು ತಾರಾಬಾಯಿ, ಒಳ್ಳೆಯ ದನಿಯೇ, ಕಲಿತ ದನಿ, ಲಕ್ಷ್ಮೀಬಾಯಿ ಧಾಟಿಯ ಗುರುತು ಹಿಡಿದು ಮುಂದಕ್ಕೆ ಬಾಗಿದರು, ಮುಖ ಅರಳಿತು, ಬೆಳಕ ತಂದವರು ಎಂದು ತಾರಾಬಾಯಿ, ತಾಯಿಯ ಮುಖ ಅಲ್ಲೇ ನಿಂತಿತು, ಏನೋ ತಪ್ಪಿದೆ, ತಾನೇ ತಪ್ಪಾಗಿ ಕೇಳಿದೆನೋ ಎಂಬಂತೆ ಪಕ್ಕದವರನ್ನು ನೋಡಿದರು, ಯಾರೂ ಅವರತ್ತ ನೋಡಲಿಲ್ಲ, ಆಗ ಅವರ ತುಟಿ ಮೆಲ್ಲಗೆ ಆಡತೊಡಗಿತು, ದನಿಯಿಲ್ಲ, ಇಷ್ಟು ದೂರದಿಂದ ದನಿ ಕೇಳಲಾರದು, ತುಟಿ ಮಾತ್ರ, ಮಗಳ ತುಟಿಯೇ, ಅದೇ ಅಂಚು, ಈ ಓಣಿ ಯಾರದು — ಟಕ್ ಟಕ್ ಎಂದು ಬಾಗಿಲ ಬೂಟು ಹತ್ತಿರ ಬಂತು, ಅರ್ಧ ಸಾಲು ಉಳಿದಿದೆ, ಯಾರವರು ಎಂಬಷ್ಟು ಉಳಿದಿದೆ, ಅದು ಮುಗಿದರೆ ಹುಡುಗಿಯರು ಒಪ್ಪುತ್ತಾರೆ, ನಮ್ಮವರು ಎನ್ನುತ್ತಾರೆ, ಪದ್ಯ ಮುಗಿಯೂತನಕ ಬಟ್ಟು ಎತ್ತಬ್ಯಾಡ ಮಗಳ, ಕಟ್ಟೆಯ ಮೇಲೆ ಅಪ್ಪ, ಅವನ ಮಂಚ, ಅವನ ಕೋಲು, ಆ ಮನೆಯ ಕೀಲಿ, ನಾಳೆ ಅದನ್ನು ಯಾರ ಕೈಗೆ ಕೊಡಬೇಕು, ಎಲ್ಲಿಗೆ ಕರೆದುಕೊಂಡು ಹೋಗಬೇಕು, ಅಪ್ಪಾ, ಅರ್ಧ ತೆರೆದ ಬಾಗಿಲಿನಿಂದ ಒಬ್ಬ ಹುಡುಗಿಯಾದರೂ ಪಾರಾಗುತ್ತಿದ್ದಳಲ್ಲ ಅಪ್ಪಾ.

ಆಲಿಸ್ ಬೆರಳು ಎತ್ತಿದಳು. ಪೇಟಿ ನಿಂತಿತು, ಯಾರವರು ಎಂದು ತಾರಾಬಾಯಿಯ ದನಿ ಒಂಟಿಯಾಗಿ ಸಭಾಗೃಹದ ತುಂಬ ಹೋಗಿ, ತೊಲೆಗೆ ತಾಗಿ, ತಿರುಗಿ ಬಂದು ಅವರ ಕಾಲ ಹತ್ತಿರವೇ ಬಿತ್ತು, ಒಪ್ಪುವವರು ಒಪ್ಪಲಿಲ್ಲ, ಆಲಿಸ್ ಯಾರಿಗೂ ಏನೂ ಹೇಳಿರಲಿಲ್ಲ, ಯಾರೂ ಏನೂ ಗೊತ್ತು ಮಾಡಿಕೊಂಡಿರಲಿಲ್ಲ, ಶಮೀಮ ತೆರೆದ ಬಾಯಿ ತೆರೆದಂತೆಯೇ ಅಕ್ಕಾರ ಎತ್ತಿದ ಬೆರಳನ್ನು ನೋಡಿದಳು, ಬಾಯಿ ಮುಚ್ಚಿದಳು, ಸೆರಗು ಸುತ್ತಿಕೊಂಡಳು, ಹಿಂದಿರುಗಿ ನೋಡದೆ ಪಕ್ಕದ ಪರದೆಯ ಸಂದಿಯಲ್ಲಿ ಸೇರಿಬಿಟ್ಟಳು, ಅವಳ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ಮತ್ತೊಬ್ಬಳು, ಬರಿಗಾಲುಗಳು, ಹಲಗೆಯ ಮೇಲೆ ಬರಿಗಾಲಿನ ಸದ್ದು ಎಷ್ಟು ಹಗುರ, ಹಾಡ್ರೇ, ಯಾಕ ಹೊಂಟ್ರಿ, ಎಂದು ತಾರಾಬಾಯಿಯ ಪಿಸುಮಾತು, ಈಗ ನಗುವ ಮುಖಗಳಲ್ಲಿ ನಗು ಹಾಗೆಯೇ ಉಳಿದಿದೆ, ಎಲ್ಲಿ ಇಡಬೇಕೆಂದು ತಿಳಿಯದವರಂತೆ, ಕ್ಯಾಥರೀನ್‌ಬಾಯಿಯವರು ಕನ್ನಡಕ ತೆಗೆದರು, ಮೊಳೆಯ ಬೂಟು ಮೆಟ್ಟಿಲು ಹತ್ತುತ್ತಿದೆ, ಹತ್ತಲಿ, ಈ ಸಲ ದಾರಿ ಬಿಟ್ಟರೂ ಅವಳು ನಡೆಯುವವಳಲ್ಲ, ಬಲಗೈ ಮಡಿಲಿಗೆ ಬಂತು, ಎಡಗೈ ಮಾತ್ರ ಮಾತು ಕೇಳುತ್ತಿಲ್ಲ, ತಿದಿಯನ್ನು ಎಳೆಯುತ್ತಿದೆ, ಬಿಡುತ್ತಿದೆ, ಸ್ವರವಿಲ್ಲ, ತೇಪೆಯ ಸ್ಸ್ ಮಾತ್ರ ಕೊನೆಯ ಸಾಲಿನವರೆಗೂ ಹೋಗುತ್ತಿದೆ, ಕಂಬದ ಹತ್ತಿರ ಲಕ್ಷ್ಮೀಬಾಯಿ ಎದ್ದು ನಿಂತು ಕಿವಿಗೊಟ್ಟಿದ್ದಾರೆ, ಯಾರೋ ಉಸಿರಾಡುತ್ತಿದ್ದಾರಲ್ಲ ಎಂಬಂತೆ, ತೇಪೆ ಉಬ್ಬುತ್ತದೆ, ಕಾಯುತ್ತದೆ, ಇಳಿಯುತ್ತದೆ, ಆಲಿಸ್ ಒಪ್ಪುತ್ತಾಳೆ, ನಮ್ಮದು, ನಮ್ಮದು ಮಂದಾ, ನಮ್ಮದೇ, ತೇಪೆ ಉಬ್ಬುತ್ತದೆ, ಕಾಯುತ್ತದೆ, ಉಬ್ಬಿ —